ಕಾದಂಬರಿ ಬಿಟ್ಟುಬಿಡುವ ಆ ಒಂದು ಫೋನ್ ಕರೆ

ಪ್ರಶ್ನೆ: ಡಾಕ್ಟ್ರೇ, ಹೋದ ತಿಂಗಳು ಒಂದು ಥ್ರಿಲ್ಲರ್ ಕಾದಂಬರಿ ಕೈಗೆತ್ತಿಕೊಂಡೆ. ಒಂದು ದೊಡ್ಡ ನಗರ. ಯಾವುದೋ ಗುಂಪು ಸುರಂಗ ರೈಲಿನ ನಿಲ್ದಾಣದಲ್ಲಿ ವೈರಸ್ ಬಿಡುತ್ತದೆ. ಸಂಜೆಯೊಳಗೆ ಜನ ರಕ್ತ ಕಾರುತ್ತಾರೆ. ಮೂರನೇ ದಿನ ಕುಡಿಯುವ ನೀರಿಗೂ ಏನೋ ಬೆರೆಸುತ್ತಾರೆ. ಸೇನೆ ಬಂದು ಊರಿಗೆ ಬೇಲಿ ಹಾಕುತ್ತದೆ. ಬದುಕುಳಿದ ಒಬ್ಬನೇ ಹುಡುಗನ ರಕ್ತದಿಂದ ಒಬ್ಬ ವಿಜ್ಞಾನಿ ಮದ್ದು ತೆಗೆಯಲು ಓಡಾಡುತ್ತಿದ್ದಾಳೆ. ಇನ್ನೂ ಎಂಬತ್ತು ಪುಟ ಬಾಕಿ ಇದೆ, ಓದುವ ಧೈರ್ಯ ಬರುತ್ತಿಲ್ಲ. ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ರೈಲಿನಲ್ಲಿ ಯಾರಾದರೂ ಕೆಮ್ಮಿದರೆ ಇಳಿದುಬಿಡೋಣ ಅನ್ನಿಸುತ್ತದೆ, ಎರಡು ಸಲ ಇಳಿದೂ ಬಿಟ್ಟಿದ್ದೇನೆ. ನನ್ನ ಗಾಬರಿ ನೋಡಿ ನಮ್ಮ ಯಜಮಾನರು ಎರಡು ಡಬ್ಬ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ತಂದಿಟ್ಟಿದ್ದಾರೆ. ಗ್ಯಾಸ್ ಮಾಸ್ಕ್ ಆರ್ಡರ್ ಮಾಡುವ ಯೋಚನೆಯಲ್ಲೂ ಇದ್ದಾರೆ. ಅತ್ತೆಗೆ 74 ವರ್ಷ, ಮಗನಿಗೆ 9. ಇದೆಲ್ಲ ನಿಜವಾಗಿ ಆಗುತ್ತದಾ? ಆದರೆ ನಾವೇನು ಮಾಡಬೇಕು? ಇಲ್ಲಾ ನಾನೇ ಸುಮ್ನೆ ಹುಚ್ಚುಹುಚ್ಚಾಗಿ ಆಡುತ್ತಿದ್ದೇನಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಲ್ಲ, ನೀವು ಹುಚ್ಚುಹುಚ್ಚಾಗಿ ಆಡುತ್ತಿಲ್ಲ. ಸಾಂಕ್ರಾಮಿಕ ರೋಗಗಳ ಹಿಂದೆ ಓಡಾಡುವುದೇ ನನ್ನ ಕಸುಬು. ಎಲ್ಲಿ ಇದ್ದಕ್ಕಿದ್ದಂತೆ ಹತ್ತು ಜನ ಮಲಗಿದರೋ ಅಲ್ಲಿಗೆ ಹೋಗಿ ಯಾಕೆ ಅಂತ ಹುಡುಕುವುದು. ಇಂಥ ಪುಸ್ತಕ ಓದಿ ನನಗೂ ಎದೆ ಢವಢವ ಅಂದದ್ದುಂಟು. ಬರೆಯುವವರು ಬರೆಯುವುದೇ ಅದಕ್ಕೆ. ಕೋವಿಡ್ ನೋಡಿ ಬಂದ ಮನಸ್ಸಿಗೆ ಖಾಲಿ ರಸ್ತೆ, ತುಂಬಿದ ಆಸ್ಪತ್ರೆ ಅಂದರೆ ಬರೀ ಕಲ್ಪನೆ ಅಲ್ಲ. ಅದು ನೆನಪು. ಕಾದಂಬರಿ ಆ ನೆನಪಿನ ಮೇಲೆ ಕೈ ಇಡುತ್ತದೆ, ಅಷ್ಟೆ.

ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದರೊಳಗೊಂದು ಸೇರಿಕೊಂಡಿವೆ. ಯಾರಾದರೂ ಬೇಕೆಂದೇ ರೋಗ ಹರಡಬಹುದಾ? ಹರಡಿದರೆ ಊರಿಗೆ ಊರೇ ಸಾಯುತ್ತದಾ? ನನ್ನ ಮನೆಯವರನ್ನು ನಾನು ಕಾಪಾಡಿಕೊಳ್ಳಬಹುದಾ? ಮೊದಲನೆಯದಕ್ಕೆ ಉತ್ತರ: ಹೌದು, ಆಗಿದೆ. ಎರಡನೆಯದಕ್ಕೆ: ಇದುವರೆಗೆ ಒಮ್ಮೆಯೂ ಕಾದಂಬರಿಯ ಹಾಗೆ ಆಗಿಲ್ಲ. ಮೂರನೆಯದಕ್ಕೆ: ಕಾಪಾಡಿಕೊಳ್ಳಬಹುದು, ಆದರೆ ನಿಮ್ಮ ಯಜಮಾನರು ತಂದ ಡಬ್ಬದಿಂದಲ್ಲ.

ಆಗಿರುವುದನ್ನು ಮೊದಲು ನೋಡೋಣ.

1984ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ದಿ ಡಾಲ್ಸ್ ಎಂಬ ಸಣ್ಣ ಊರಿನಲ್ಲಿ 751 ಜನಕ್ಕೆ ವಾಂತಿ, ಭೇದಿ, ಜ್ವರ. ಅಲ್ಲೇ ಹತ್ತಿರದಲ್ಲಿದ್ದ ರಜನೀಶ್ ಪಂಥದ ಕೆಲವರು ಹತ್ತು ಹೋಟೆಲುಗಳ ಸಲಾಡ್ ಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹಾಕಿದ್ದರು. ಸ್ಥಳೀಯ ಚುನಾವಣೆಯ ದಿನ ಊರಿನವರು ಮತ ಹಾಕಲು ಬರಬಾರದು ಅನ್ನುವುದು ಅವರ ಲೆಕ್ಕ. ಯಾರೂ ಸಾಯಲಿಲ್ಲ. ಇದರಲ್ಲಿ ನನಗೆ ಕುತೂಹಲದ ಸಂಗತಿ ಬೇರೆ ಇದೆ. ತನಿಖೆ ಮಾಡಿದವರು ಮೊದಲು ಇದು ಅಡುಗೆಯವರು ಕೈ ಸರಿಯಾಗಿ ತೊಳೆಯದ್ದರಿಂದ ಆದದ್ದು ಎಂದೇ ಬರೆದಿದ್ದರು. ನಿಜ ಹೊರಬಂದದ್ದು ಮರುವರ್ಷ, ಆ ಗುಂಪಿನೊಳಗೇ ಜಗಳವಾದ ಮೇಲೆ. ನಮ್ಮ ಕಸುಬಿನಲ್ಲಿ ಆ ತನಿಖೆಯವರನ್ನು ಯಾರೂ ದೂರುವುದಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಸಲ ಕಾರಣ ಅಂಥ ಅಡುಗೆಮನೆಯ ತಪ್ಪೇ ಆಗಿರುತ್ತದೆ.

1993ರಲ್ಲಿ ಜಪಾನಿನ ಓಂ ಶಿನ್ರಿಕ್ಯೊ ಎಂಬ ಪಂಥ ಟೋಕಿಯೊದ ಕಾಮೆಯಿಡೊ ಎಂಬಲ್ಲಿ ತನ್ನ ಕಟ್ಟಡದ ಮಾಳಿಗೆಯಿಂದ ಆಂಥ್ರಾಕ್ಸ್ ಸಿಂಪಡಿಸಿತು. ಅದೇ, ದನ ಕುರಿಗಳಿಗೆ ಬರುವ ನೆರಡಿ ರೋಗದ ಬ್ಯಾಕ್ಟೀರಿಯಾ. ಆ ಗುಂಪಿಗೆ ಹಣಕ್ಕೆ ಬರ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತ ವಿಜ್ಞಾನಿಗಳೇ ಅದರಲ್ಲಿದ್ದರು. ಆದದ್ದೇನು? ಅಕ್ಕಪಕ್ಕದವರು ಕೆಟ್ಟ ವಾಸನೆ ಅಂತ ದೂರು ಕೊಟ್ಟರು. ಒಬ್ಬರಿಗೂ ರೋಗ ಬರಲಿಲ್ಲ. ಅವರು ಬಳಸಿದ್ದು ಪ್ರಾಣಿಗಳ ಲಸಿಕೆಗೆ ಬಳಸುವ ಸಾಧು ತಳಿ ಎಂದು ವರ್ಷಗಳ ಮೇಲೆ ಗೊತ್ತಾಯಿತು. ಗುಡ್ಡ ಅಗೆದು ಇಲಿ ಹಿಡಿದ ಕಥೆ. ಇದೇ ಗುಂಪು 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲಿನಲ್ಲಿ ಸರಿನ್ ಬಿಟ್ಟು ಒಂದು ಡಜನ್‌ಗೂ ಹೆಚ್ಚು ಜನರನ್ನು ಕೊಂದಿತು. ಆದರೆ ಸರಿನ್ ರಾಸಾಯನಿಕ ವಿಷ, ರೋಗಾಣು ಅಲ್ಲ. ನಿಮ್ಮ ಕಾದಂಬರಿಕಾರರು ಇವೆರಡನ್ನೂ ಕಲಸಿದ್ದಾರೆ ಅನ್ನಿಸುತ್ತದೆ. ಸಂಜೆಯೊಳಗೆ ಬೀಳುವುದು ವಿಷದ ಲಕ್ಷಣ. ರೋಗಾಣು ಒಳಗೆ ಹೋಗಿ, ಬೆಳೆದು, ಮೈಗೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ದಿನಗಳೇ ಬೇಕು.

ಆಮೇಲೆ 2001. ಅಮೆರಿಕದಲ್ಲಿ ಅಂಚೆಯ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ಬಂತು. ಇದು ಕಾಮೆಯಿಡೊ ತರಹದ್ದಲ್ಲ, ನಿಜವಾಗಿ ಕೊಲ್ಲುವಂಥದ್ದು. 22 ಜನ ಕಾಯಿಲೆ ಬಿದ್ದರು, ಅವರಲ್ಲಿ 5 ಮಂದಿ ತೀರಿಕೊಂಡರು. ಐದು ಜೀವ ಅಂದರೆ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಆದರೆ ಇಷ್ಟು ದೊಡ್ಡ ಹೆಸರಿನ ದಾಳಿಯಲ್ಲಿ ಎಷ್ಟು ಜನ ಸತ್ತಿರಬಹುದು ಎಂದು ನಾನು ಯಾರನ್ನು ಕೇಳಿದರೂ ನೂರು, ಇನ್ನೂರು, ಸಾವಿರ ಅನ್ನುತ್ತಾರೆ. ನಮ್ಮ ತಲೆಯಲ್ಲಿ ಕೂತಿರುವ ಸಂಖ್ಯೆಗೂ ನಡೆದದ್ದಕ್ಕೂ ಅಷ್ಟು ದೂರ.

ಈ ಘಟನೆಯಲ್ಲೇ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದೆ. ಫ್ಲಾರಿಡಾದಲ್ಲಿ ಒಬ್ಬ ಫೋಟೊ ಸಂಪಾದಕರನ್ನು ಜ್ವರ, ಗೊಂದಲ ಅಂತ ಆಸ್ಪತ್ರೆಗೆ ತಂದರು. ಮಿದುಳು ಪೊರೆಯ ಸೋಂಕು ಇರಬಹುದು ಎಂದುಕೊಂಡು ಬೆನ್ನುಹುರಿಯ ನೀರು ತೆಗೆದರು. ಅಲ್ಲಿನ ಸೋಂಕು ರೋಗ ತಜ್ಞ ಲ್ಯಾರಿ ಬುಷ್ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿದಾಗ ಕಡ್ಡಿಯಂಥ ಬ್ಯಾಕ್ಟೀರಿಯಾ ಕಂಡವು. ಸಾಮಾನ್ಯ ಮಿದುಳು ಪೊರೆಯ ಸೋಂಕಿನಲ್ಲಿ ಹೀಗಿರುವುದಿಲ್ಲವಲ್ಲ ಅಂತ ಅವರಿಗೆ ಅನುಮಾನ ಬಂತು. ಜಿಲ್ಲೆಯ ಆರೋಗ್ಯ ಅಧಿಕಾರಿಗೆ ಫೋನ್ ಮಾಡಿದರು. ಎರಡೇ ದಿನದಲ್ಲಿ ಇದು ಆಂಥ್ರಾಕ್ಸ್ ಎಂದು ಖಚಿತವಾಯಿತು. ಆ ರೋಗಿ ಬದುಕಲಿಲ್ಲ. ಆದರೆ ಆ ಒಂದು ಫೋನ್ ಕರೆಯಿಂದ ಉಳಿದೆಲ್ಲ ಆಸ್ಪತ್ರೆಗಳಿಗೂ ಏನನ್ನು ಹುಡುಕಬೇಕು ಅಂತ ಗೊತ್ತಾಯಿತು.

ಕಾದಂಬರಿಗಳು ಬಿಟ್ಟುಬಿಡುವುದು ಇದನ್ನೇ. ಅದರಲ್ಲಿ ಮೊದಲ ರೋಗಿ ಒಂದು ಪುಟದಲ್ಲಿ ಸಾಯುತ್ತಾನೆ, ಮುಂದಿನ ಪುಟದಲ್ಲಿ ಹೆಲಿಕಾಪ್ಟರ್ ಬಂದಿಳಿಯುತ್ತದೆ. ನಡುವೆ ಒಬ್ಬ ವೈದ್ಯ ‘ಯಾಕೋ ಇದು ಸರಿ ಕಾಣ್ತಿಲ್ಲ’ ಅಂದುಕೊಂಡು, ಇದನ್ನು ಹೇಳಿದರೆ ನಗುತ್ತಾರೇನೋ ಅಂತ ಅಳುಕಿ, ಆದರೂ ಫೋನ್ ಎತ್ತಿಕೊಳ್ಳುವ ಆ ಅರ್ಧ ಗಂಟೆ ಇರುವುದಿಲ್ಲ. ಓದುಗರಿಗೆ ಅದು ಬೇಜಾರು. ನಮಗೆ ಅದೇ ಸರ್ವಸ್ವ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಇದರಲ್ಲಿ ಕಾಗೆಗಳಿವೆ. 1999ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಒಂದು ಆಸ್ಪತ್ರೆಯಲ್ಲಿ ವಯಸ್ಸಾದ ಇಬ್ಬರಿಗೆ ಮಿದುಳಿನ ಉರಿಯೂತ, ಜೊತೆಗೆ ವಿಚಿತ್ರವಾದ ಸ್ನಾಯು ದೌರ್ಬಲ್ಯ. ಡೆಬೊರಾ ಆಸ್ನಿಸ್ ಎಂಬ ವೈದ್ಯೆ ಬರೀ ಇಬ್ಬರು ರೋಗಿಗಳನ್ನು ನೋಡಿ ನಗರದ ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಹುಡುಕಿದರೆ ಇನ್ನೂ ಹಲವರು ಸಿಕ್ಕಿದರು. ಮೊದಲು ಬೇರೊಂದು ವೈರಸ್ ಎಂದು ತಪ್ಪಾಗಿ ತೀರ್ಮಾನಿಸಿದರು. ಅದೇ ಹೊತ್ತಿಗೆ ಊರಿನಲ್ಲಿ ಕಾಗೆಗಳು ಸತ್ತು ಬೀಳುತ್ತಿದ್ದವು. ಬ್ರಾಂಕ್ಸ್ ಮೃಗಾಲಯದ ಪಶುವೈದ್ಯೆ ಟ್ರೇಸಿ ಮೆಕ್‌ನಮಾರಾ, ನೀವು ಹೇಳುವ ವೈರಸ್ ಹಕ್ಕಿಗಳನ್ನು ಕೊಲ್ಲುವುದಿಲ್ಲ, ನಿಮ್ಮ ಲೆಕ್ಕ ಎಲ್ಲೋ ತಪ್ಪಿದೆ ಎಂದು ಪಟ್ಟು ಹಿಡಿದರು. ಕೊನೆಗೆ ಅದು ಆ ಖಂಡದಲ್ಲೇ ಅದುವರೆಗೆ ಕಾಣದ ವೆಸ್ಟ್ ನೈಲ್ ವೈರಸ್ ಎಂದು ಗೊತ್ತಾಯಿತು. ಯಾರೋ ಬೇಕೆಂದೇ ಬಿಟ್ಟಿದ್ದಾರೆ ಎಂಬ ಮಾತೂ ಆಗ ಓಡಾಡಿತ್ತು. ಯಾರೂ ಬಿಟ್ಟಿರಲಿಲ್ಲ. ಸೊಳ್ಳೆ, ಹಕ್ಕಿ, ಮನುಷ್ಯರ ಓಡಾಟ, ಇಷ್ಟೇ. ಆ ವರ್ಷ 62 ಜನ ತೀವ್ರವಾಗಿ ಕಾಯಿಲೆ ಬಿದ್ದು 7 ಜನ ತೀರಿಕೊಂಡರು.

ದಾಳಿಯೇ ಆಗಲಿ, ಪ್ರಕೃತಿಯೇ ಆಗಲಿ, ಹಿಡಿಯುವ ದಾರಿ ಒಂದೇ. ಅದಕ್ಕೇ ನನಗೆ ಜೈವಿಕ ದಾಳಿಗೆಂದೇ ಬೇರೆ ಭಯ ಇಟ್ಟುಕೊಳ್ಳಲು ಮನಸ್ಸು ಬರುವುದಿಲ್ಲ.

ಈಗ ನಿಮ್ಮ ಕಾದಂಬರಿಯ ವೈರಸ್ ವಿಷಯ. ದಡಾರದ ಹಾಗೆ ಹರಡುತ್ತದೆ, ಎಬೋಲಾದ ಹಾಗೆ ಕೊಲ್ಲುತ್ತದೆ, ಗಂಟೆಗಳಲ್ಲಿ ಕೆಲಸ ಮುಗಿಸುತ್ತದೆ. ಈ ಮೂರೂ ಒಂದೇ ಕಡೆ ಕೂಡುವುದು ಕಷ್ಟ. ಗಂಟೆಗಳಲ್ಲಿ ಹಾಸಿಗೆ ಹಿಡಿದವನು ರೈಲು ಹತ್ತುವುದಿಲ್ಲ, ಮದುವೆಗೆ ಹೋಗುವುದಿಲ್ಲ, ಹೆಚ್ಚು ಜನಕ್ಕೆ ಹಚ್ಚುವುದಿಲ್ಲ. ಕೋವಿಡ್ ಅಷ್ಟು ಹರಡಿದ್ದು ಸೋಂಕು ತಗುಲಿದ ಎಷ್ಟೋ ಜನ ಚೆನ್ನಾಗೇ ಓಡಾಡಿಕೊಂಡಿದ್ದರಿಂದ. ಎಬೋಲಾ ಹರಡುವುದು ಹೆಚ್ಚಾಗಿ ರೋಗಿಯ ರಕ್ತ, ವಾಂತಿ, ಬೆವರು ಮುಟ್ಟಿದವರಿಗೆ, ಅಂದರೆ ಆರೈಕೆ ಮಾಡಿದ ಮನೆಯವರಿಗೆ ಮತ್ತು ನರ್ಸುಗಳಿಗೆ. ಆಂಥ್ರಾಕ್ಸ್ ಅಂತೂ ಪುಪ್ಪುಸಕ್ಕೆ ಹೋದರೂ ಒಬ್ಬರಿಂದ ಒಬ್ಬರಿಗೆ ಹರಡುವುದೇ ಇಲ್ಲ. ಪಕ್ಕದಲ್ಲಿ ಕೆಮ್ಮಿದವನಿಂದ ನಿಮಗೆ ಆಂಥ್ರಾಕ್ಸ್ ಬರಲಾರದು.

ಆದರೆ ಇದನ್ನು ಪ್ರಕೃತಿಯ ನಿಯಮ ಅಂದುಕೊಳ್ಳಬೇಡಿ. ಸಿಡುಬು ಚೆನ್ನಾಗಿಯೇ ಹರಡುತ್ತಿತ್ತು, ಬಂದವರಲ್ಲಿ ಹತ್ತಕ್ಕೆ ಮೂವರನ್ನು ಕೊಲ್ಲುತ್ತಿತ್ತು. 1977ರಲ್ಲಿ ಸೊಮಾಲಿಯಾದಲ್ಲಿ ಅದರ ಕೊನೆಯ ಸಹಜ ರೋಗಿ ಕಂಡರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಗ ನಿರ್ಮೂಲ ಆಯಿತೆಂದು ಸಾರಿತು. ಈಗ ಆ ವೈರಸ್ ಅಧಿಕೃತವಾಗಿ ಇರುವುದು ಎರಡೇ ಕಡೆ, ಅಮೆರಿಕದ ಅಟ್ಲಾಂಟಾದ ಒಂದು ಪ್ರಯೋಗಾಲಯದಲ್ಲಿ ಮತ್ತು ರಷ್ಯಾದ ಕೊಲ್ಟ್‌ಸೊವೊದಲ್ಲಿ. ಥ್ರಿಲ್ಲರ್ ಬರೆಯುವವರಿಗೆ ಆ ಎರಡು ಫ್ರೀಜರ್‌ಗಳ ಮೇಲೆ ಬಲು ಪ್ರೀತಿ. ಅವರು ಹೇಳದ ಭಾಗ ಇದು: ಸಿಡುಬು ತಗುಲಿದ ಮೇಲೆ ಲಕ್ಷಣ ಕಾಣಲು ಸುಮಾರು ಹನ್ನೆರಡು ದಿನ ಬೇಕು. ತಗುಲಿದ ಮೂರು ನಾಲ್ಕು ದಿನದೊಳಗೆ ಲಸಿಕೆ ಹಾಕಿದರೂ ರೋಗವನ್ನು ತಡೆಯಬಹುದು, ಇಲ್ಲವೇ ಅದರ ಬಿರುಸನ್ನು ಕಡಿಮೆ ಮಾಡಬಹುದು. 1947ರಲ್ಲಿ ನ್ಯೂಯಾರ್ಕಿಗೆ ಮೆಕ್ಸಿಕೊದಿಂದ ಬಸ್ಸಿನಲ್ಲಿ ಬಂದ ಒಬ್ಬರಿಂದ ಸಿಡುಬು ಬಂತು. ಆಸ್ಪತ್ರೆಯಲ್ಲಿ ಮೊದಲು ಗುರುತೇ ಹತ್ತಲಿಲ್ಲ. ಗೊತ್ತಾದ ಮೇಲೆ ತಿಂಗಳೊಳಗೆ ಸುಮಾರು ಅರವತ್ತು ಲಕ್ಷ ಜನಕ್ಕೆ ಲಸಿಕೆ ಹಾಕಿದರು. ಅಷ್ಟು ದೊಡ್ಡ ಊರಿನಲ್ಲಿ ರೋಗ ಬಂದದ್ದು 12 ಜನಕ್ಕೆ, ಸತ್ತದ್ದು ಇಬ್ಬರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ.

ನೀರಿನ ಭಯ ಬೇಗ ಮುಗಿಸೋಣ. ಜಲಾಶಯಕ್ಕೆ ಸೀಸೆ ಸುರಿಯುವ ದೃಶ್ಯ ಓದಲು ಚೆನ್ನ. ವಾಸ್ತವದಲ್ಲಿ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಷ್ಟು ನೀರಿನಲ್ಲಿ ಎಲ್ಲವೂ ತೆಳುವಾಗುತ್ತದೆ. ಆಮೇಲೆ ಸೋಸುವುದು, ಕ್ಲೋರಿನ್ ಹಾಕುವುದು ಇದ್ದೇ ಇದೆ. ಹಾಗಂತ ನಲ್ಲಿ ನೀರು ಯಾವಾಗಲೂ ಸುರಕ್ಷಿತ ಅಂತಲೂ ಹೇಳಲಾರೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ಲೋರಿನ್‌ಗೂ ಬಗ್ಗದ ಒಂದು ಪರಾವಲಂಬಿ ಜೀವಿ ಶುದ್ಧೀಕರಣ ಘಟಕವನ್ನು ದಾಟಿ ಬಂದು, ಅಂದಾಜು ನಾಲ್ಕು ಲಕ್ಷ ಜನಕ್ಕೆ ಭೇದಿ ತಂದಿತು. ಅದರ ಹಿಂದೆ ಯಾವ ಉಗ್ರನೂ ಇರಲಿಲ್ಲ. ನೀರಿನ ವಿಷಯದಲ್ಲಿ ನನಗೆ ಖಳನಾಯಕನಿಗಿಂತ ಒಡೆದ ಕೊಳವೆಯ ಚಿಂತೆ ಜಾಸ್ತಿ.

ಬದುಕುಳಿದವನ ರಕ್ತದಿಂದ ಮದ್ದು ಅನ್ನುವುದು ಮಾತ್ರ ಪೂರ್ತಿ ಸುಳ್ಳಲ್ಲ! 1995ರಲ್ಲಿ ಕಾಂಗೊದ ಕಿಕ್ವಿಟ್‌ನಲ್ಲಿ ಎಬೋಲಾ ಬಂದು ಬದುಕಿದ ಒಬ್ಬರ ರಕ್ತದಿಂದ ವಿಜ್ಞಾನಿಗಳು ವೈರಸ್ಸಿನ ವಿರುದ್ಧ ಹೋರಾಡುವ ಪ್ರತಿಕಾಯವೊಂದನ್ನು ಬೇರ್ಪಡಿಸಿದರು. ಅದು ಇವತ್ತು ಎಬೋಲಾಕ್ಕೆ ಮಾನ್ಯವಾದ ಔಷಧ. ಮಾನ್ಯತೆ ಸಿಕ್ಕಿದ್ದು 2020ರ ಡಿಸೆಂಬರ್‌ನಲ್ಲಿ. ಲೆಕ್ಕ ಹಾಕಿ, ಇಪ್ಪತ್ತೈದು ವರ್ಷ. ಕೋವಿಡ್ ಲಸಿಕೆ ಮಿಂಚಿನ ವೇಗದಲ್ಲಿ ಬಂತು ಅನ್ನುತ್ತೇವಲ್ಲ, ವೈರಸ್ಸಿನ ವಂಶವಾಹಿ ವಿವರ ಪ್ರಕಟವಾದ ಮೇಲೂ ಅದಕ್ಕೆ ಸುಮಾರು ಹನ್ನೊಂದು ತಿಂಗಳು ಹಿಡಿಯಿತು. ನಿಮ್ಮ ವಿಜ್ಞಾನಿಗೆ ಎಂಬತ್ತು ಪುಟ ಸಾಲುವುದಿಲ್ಲ.

ಹಾಗಾದರೆ ಭಯಪಡಲು ಏನೂ ಇಲ್ಲವಾ? ಇದೆ. ನನಗೆ ನಿಜವಾಗಿ ನಿದ್ದೆ ಕೆಡಿಸುವ ಘಟನೆ 1979ರದ್ದು. ಆಗಿನ ಸೋವಿಯತ್ ಒಕ್ಕೂಟದ ಸ್ವೆರ್ಡ್‌ಲೊವ್‌ಸ್ಕ್ ನಗರದಲ್ಲಿ ಸೇನೆಯ ಒಂದು ಕೇಂದ್ರದಿಂದ ಆಂಥ್ರಾಕ್ಸ್ ಗಾಳಿಗೆ ಸೋರಿತು. ಕನಿಷ್ಠ 66 ಜನ ಸತ್ತರು. ಸರ್ಕಾರ ಹೇಳಿದ್ದು: ಕೆಟ್ಟ ಮಾಂಸ ತಿಂದರು. ವೈದ್ಯರಿಗೇ ನಿಜ ಹೇಳಲಿಲ್ಲ. 1992ರಲ್ಲಿ ರಷ್ಯಾದ ಅಧ್ಯಕ್ಷ ಬೋರಿಸ್ ಯೆಲ್ಟ್‌ಸಿನ್ ಒಪ್ಪಿಕೊಂಡ ಮೇಲೆ ಹೊರಗಿನ ವಿಜ್ಞಾನಿಗಳು ಹೋಗಿ, ಸತ್ತವರು ಆ ದಿನ ಎಲ್ಲೆಲ್ಲಿದ್ದರು ಎಂದು ನಕ್ಷೆಯಲ್ಲಿ ಗುರುತು ಹಾಕಿದರು. ಬಹುಪಾಲು ಚುಕ್ಕೆಗಳು ಆ ದಿನದ ಗಾಳಿಯ ದಿಕ್ಕಿನಲ್ಲಿ, ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಒಂದು ಸಣ್ಣ ಪಟ್ಟಿಯಲ್ಲಿ ಬಿದ್ದವು. ಕುರಿ ದನಗಳು ಅದೇ ಗೆರೆಯಲ್ಲಿ ಇನ್ನೂ ಬಲು ದೂರದವರೆಗೆ ಸತ್ತಿದ್ದವು. ಫೋನ್ ಎತ್ತುವವರ ಬಾಯಿಯನ್ನೇ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ. ಮಾಂಸ ಬಿಸಾಡಿದ ಜನಕ್ಕೆ ಬೇಕಾಗಿದ್ದದ್ದು ಆಂಟಿಬಯೋಟಿಕ್.

ಇನ್ನೊಂದು ಚಿಂತೆಯೂ ಇದೆ, ಮುಚ್ಚಿಡುವುದಿಲ್ಲ. ಜೈವಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 1972ರಲ್ಲಿ ಸಹಿಗೆ ತೆರೆದು 1975ರಲ್ಲಿ ಜಾರಿಗೆ ಬಂತು. ಆದರೆ ರಾಸಾಯನಿಕ ಅಸ್ತ್ರಗಳ ಒಪ್ಪಂದಕ್ಕೆ ಇರುವಂತೆ ಇದಕ್ಕೆ ತಪಾಸಣೆ ಮಾಡುವ ಸಂಸ್ಥೆ ಇಲ್ಲ. ಸ್ವೆರ್ಡ್‌ಲೊವ್‌ಸ್ಕ್ ಘಟನೆ ನಡೆದದ್ದು ಸೋವಿಯತ್ ಒಕ್ಕೂಟ ಆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆಯೇ! ಜೀವವಿಜ್ಞಾನದ ತಂತ್ರಗಳು ದಿನದಿಂದ ದಿನಕ್ಕೆ ಅಗ್ಗವಾಗುತ್ತಿವೆ. ಇದು ಸರ್ಕಾರಗಳು, ಪ್ರಯೋಗಾಲಯಗಳು ತಲೆ ಕೆಡಿಸಿಕೊಳ್ಳಬೇಕಾದ ವಿಷಯ. ನೀವು ರಾತ್ರಿ ಎರಡು ಗಂಟೆಗೆ ಎದ್ದು ಕೂತರೆ ಅದು ಬಗೆಹರಿಯುವುದಿಲ್ಲ.

ಭಯದ ಬಗ್ಗೆಯೇ ಸ್ವಲ್ಪ ಹೇಳಬೇಕು, ಏಕೆಂದರೆ ಇಂಥ ಘಟನೆಗಳಲ್ಲಿ ರೋಗಕ್ಕಿಂತ ಬೇಗ ಹರಡುವುದು ಅದೇ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳು ಬಿದ್ದ ಚಿಕಿತ್ಸಾಲಯದಿಂದ ಕದ್ದ ಯಂತ್ರವೊಂದರಿಂದ ವಿಕಿರಣಶೀಲ ವಸ್ತು ಊರಿಗೆ ಹರಡಿತು. ರೋಗಾಣು ಅಲ್ಲ, ಆದರೆ ಅದೂ ಕಣ್ಣಿಗೆ ಕಾಣದ ಶತ್ರುವೇ. ಪರೀಕ್ಷೆಗೆ ಸಾಲು ನಿಂತವರು ಒಂದು ಲಕ್ಷದ ಹನ್ನೆರಡು ಸಾವಿರ ಜನ. ಮೈಗೆ ಅಂಟಿದ್ದು 249 ಮಂದಿಗೆ. ಸತ್ತದ್ದು ನಾಲ್ವರು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಅಂದ ಕೂಡಲೇ ಲಕ್ಷಾಂತರ ಜನ ಊರು ಬಿಟ್ಟರು, ವೈದ್ಯರಲ್ಲೂ ಕೆಲವರು ಹೊರಟುಹೋದರು, ಟೆಟ್ರಾಸೈಕ್ಲಿನ್ ಮಾತ್ರೆ ಅಂಗಡಿಗಳಲ್ಲಿ ಸಿಗದಂತಾಯಿತು. ಪ್ಲೇಗ್ ಮಾಮೂಲಿ ಆಂಟಿಬಯೋಟಿಕ್‌ನಿಂದ ವಾಸಿಯಾಗುವ ರೋಗ, ಬೇಗ ಕೊಟ್ಟರೆ. ಬೇಕಾದವರಿಗೆ ಮಾತ್ರೆ ಇಲ್ಲ, ಬೇಡದವರ ಬೀರುವಿನಲ್ಲಿ ಮಾತ್ರೆ ಭದ್ರ.

ಈ ಮಾತಿನಿಂದ ನಿಮ್ಮ ಮನೆಯ ಎರಡು ಡಬ್ಬಕ್ಕೆ ಬರುತ್ತೇನೆ.

ಸಿಪ್ರೊಫ್ಲಾಕ್ಸಾಸಿನ್ ಬ್ಯಾಕ್ಟೀರಿಯಾಕ್ಕೆ ಔಷಧ. ನಿಮ್ಮ ಕಾದಂಬರಿಯ ಖಳರು ಬಿಟ್ಟದ್ದು ವೈರಸ್. ಅದರ ಮೇಲೆ ಇದು ನೀರು ಕುಡಿದಷ್ಟೇ. ಹುತ್ತವ ಬಡಿದರೆ ಹಾವು ಸಾಯುತ್ತದೆಯೇ? ಸರಿ, ಆಂಥ್ರಾಕ್ಸೇ ಬಂತು ಅಂದುಕೊಳ್ಳೋಣ. ಆಗ ಇದನ್ನು ಕೊಡುತ್ತಾರೆ, ನಿಜ. ಆದರೆ ಎರಡು ತಿಂಗಳು. 2001ರಲ್ಲಿ ಸುಮಾರು ಹತ್ತು ಸಾವಿರ ಜನಕ್ಕೆ 60 ದಿನ ಆಂಟಿಬಯೋಟಿಕ್ ತೆಗೆದುಕೊಳ್ಳಿ ಎಂದು ಹೇಳಿದ್ದರು. ಅರ್ಧಕ್ಕಿಂತ ಕಡಿಮೆ ಜನ ಪೂರ್ತಿ ಮುಗಿಸಿದರು. ಹೊಟ್ಟೆ ಕೆಟ್ಟಿತು, ತಲೆ ಸುತ್ತಿತು, ಬೇಸರ ಬಂತು. ನಿಮ್ಮ ಅತ್ತೆಯ ವಯಸ್ಸಿನವರಲ್ಲಿ ಈ ಔಷಧದಿಂದ ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಅಪಾಯ ಉಂಟು, ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ. ಸಕ್ಕರೆ ಕಾಯಿಲೆ ಮಾತ್ರೆ ನುಂಗುತ್ತಿದ್ದರೆ ರಕ್ತದ ಸಕ್ಕರೆ ದಿಢೀರ್ ಇಳಿಯಬಹುದು. ಮಕ್ಕಳಿಗೆ ಕೊಡುವಾಗ ನಾವೇ ಹತ್ತು ಸಲ ಯೋಚಿಸುತ್ತೇವೆ.

ಇದೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವ ಅಪಾಯ ಬೇರೆ. ಯಾರಿಗೋ ಜ್ವರ ಬಂದಾಗ ‘ಯಾವುದಕ್ಕೂ ಇರಲಿ’ ಅಂತ ಮನೆಯಲ್ಲೇ ಒಂದೆರಡು ಮಾತ್ರೆ ನುಂಗಿಸಿ ಆಮೇಲೆ ಆಸ್ಪತ್ರೆಗೆ ಕರೆತರುತ್ತಾರೆ. ಆಗ ರಕ್ತದ ಕಲ್ಚರ್ ಪರೀಕ್ಷೆಯಲ್ಲಿ, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆಯದಿರಬಹುದು. ಅರೆಬರೆ ಔಷಧ ರೋಗವನ್ನು ಕೊಲ್ಲದೆ, ಅದರ ಸುಳಿವನ್ನು ಮಾತ್ರ ಅಳಿಸಿರುತ್ತದೆ. ಫ್ಲಾರಿಡಾದ ಆ ವೈದ್ಯರಿಗೆ ಸೂಕ್ಷ್ಮದರ್ಶಕದಲ್ಲಿ ಆ ಕಡ್ಡಿಗಳು ಕಾಣದೇ ಹೋಗಿದ್ದರೆ ಅವರು ಯಾರಿಗೂ ಫೋನ್ ಮಾಡುತ್ತಿರಲಿಲ್ಲ. ನಾನೂ ಇಂಥ ಅಳಿಸಿದ ಸುಳಿವಿನ ಮುಂದೆ ತಲೆ ಕೆರೆದುಕೊಂಡು ಕೂತದ್ದು ಒಂದೆರಡು ಸಲ ಅಲ್ಲ.

ಗ್ಯಾಸ್ ಮಾಸ್ಕ್ ಬೇಡವೇ ಬೇಡ. ಯಾವಾಗ ಹಾಕಿಕೊಳ್ಳುತ್ತೀರಿ? ರೋಗಾಣು ಗಾಳಿಯಲ್ಲಿದ್ದರೆ ಸೈರನ್ ಕೂಗುವುದಿಲ್ಲ, ವಾಸನೆ ಬರುವುದಿಲ್ಲ. ಮೂರು ಹೊತ್ತೂ ಹಾಕಿಕೊಂಡಿರಲು ಆಗುತ್ತದಾ? 1991ರ ಕೊಲ್ಲಿ ಯುದ್ಧದಲ್ಲಿ ಇಸ್ರೇಲಿನಲ್ಲಿ ಗ್ಯಾಸ್ ಮಾಸ್ಕ್ ತಪ್ಪಾಗಿ ಹಾಕಿಕೊಂಡು ಉಸಿರುಗಟ್ಟಿ ಸತ್ತವರಿದ್ದಾರೆ. ಎನ್‌95 ಮಾಸ್ಕ್ ಒಂದು ಪೊಟ್ಟಣ ಇಟ್ಟುಕೊಳ್ಳಿ, ಅದು ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಜ್ವರ ಬಂದಾಗ, ಫ್ಲೂ ಹೆಚ್ಚಿದ ದಿನಗಳಲ್ಲಿ, ಹೊಗೆ ಧೂಳಿನ ದಿನಗಳಲ್ಲಿ. ಮುಖಕ್ಕೆ ಬಿಗಿಯಾಗಿ ಕೂರಬೇಕು, ಪಕ್ಕದಿಂದ ಗಾಳಿ ನುಗ್ಗಿದರೆ ಪ್ರಯೋಜನ ಇಲ್ಲ.

ಸಿಡುಬಿನ ಲಸಿಕೆ ಈಗಲೇ ಹಾಕಿಸಿಕೊಳ್ಳಲಾ ಎಂದು ಹಲವರು ಕೇಳುತ್ತಾರೆ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೇಡ, ಸಿಗುವುದೂ ಇಲ್ಲ. ಹಳೆಯ ಲಸಿಕೆಗೆ ಅಪರೂಪಕ್ಕೆ ಹೃದಯದ ಉರಿಯೂತದಂಥ ಗಂಭೀರ ತೊಂದರೆಗಳಿದ್ದವು. ಇಲ್ಲದ ರೋಗಕ್ಕೆ ಅಂಥ ಅಪಾಯ ತೆಗೆದುಕೊಳ್ಳುವುದು ಲೆಕ್ಕಕ್ಕೆ ಕೂರುವುದಿಲ್ಲ.

ಹಾಗಾದರೆ ಮಾಡುವುದೇನು? ಮಗನ ಲಸಿಕೆಗಳು ವಯಸ್ಸಿಗೆ ತಕ್ಕಂತೆ ಆಗಿವೆಯಾ ನೋಡಿ. ಅತ್ತೆಗೆ ಪ್ರತಿವರ್ಷ ಫ್ಲೂ ಲಸಿಕೆ, ಜೊತೆಗೆ ನ್ಯುಮೋಕಾಕಲ್ ಲಸಿಕೆ ಬಗ್ಗೆ ಅವರ ವೈದ್ಯರನ್ನು ಕೇಳಿ. ಹೇಳಲು ಸಪ್ಪೆ ವಿಷಯ. ಆದರೆ 74ರ ವಯಸ್ಸಿನವರಿಗೆ ಯಾವ ಉಗ್ರನಿಗಿಂತಲೂ ನ್ಯುಮೋನಿಯಾ ಹತ್ತಿರದ ಶತ್ರು. ಅವರು ದಿನಾ ತೆಗೆದುಕೊಳ್ಳುವ ಬಿಪಿ, ಸಕ್ಕರೆ ಮಾತ್ರೆಗಳು ಎರಡು ವಾರಕ್ಕೆ ಆಗುವಷ್ಟು ಯಾವಾಗಲೂ ಮನೆಯಲ್ಲಿರಲಿ. ಥರ್ಮಾಮೀಟರ್, ಓಆರ್‌ಎಸ್, ಸಾಬೂನು, ಮೂರು ದಿನಕ್ಕಾಗುವಷ್ಟು ಕುಡಿಯುವ ನೀರು. ಇಷ್ಟಿದ್ದರೆ ಪ್ರವಾಹಕ್ಕೂ ಆಯಿತು, ಕರೆಂಟ್ ಹೋದರೂ ಆಯಿತು, ಇನ್ನೊಂದು ಕೋವಿಡ್ ಬಂದರೂ ಆಯಿತು.

ಅಕಸ್ಮಾತ್ ಎಂದಾದರೂ ಅನುಮಾನದ ಪುಡಿ ಇರುವ ಲಕೋಟೆ ಕೈಗೆ ಬಂದರೆ ಅಲ್ಲಾಡಿಸಬೇಡಿ, ಮೂಸಬೇಡಿ, ಅಕ್ಕಪಕ್ಕದವರಿಗೆ ತೋರಿಸಲು ಹೊತ್ತುಕೊಂಡು ಹೋಗಬೇಡಿ. ಹಾಗೇ ಕೆಳಗಿಡಿ. ಫ್ಯಾನ್ ಆರಿಸಿ, ಹೊರಗೆ ಬಂದು ಬಾಗಿಲು ಹಾಕಿ, ಸಾಬೂನು ಹಚ್ಚಿ ಕೈ ತೊಳೆದು ಪೊಲೀಸರಿಗೆ ಫೋನ್ ಮಾಡಿ. ಇಂಥವುಗಳಲ್ಲಿ ಬಹುಪಾಲು ಹಿಟ್ಟು, ಪೌಡರ್, ಯಾರದೋ ಕೆಟ್ಟ ತಮಾಷೆ. ಆದರೂ ಹೀಗೇ ಮಾಡಿ.

ಊರಲ್ಲಿ ನಿಜವಾಗಿಯೇ ಏನೋ ಶುರುವಾಗಿದೆ ಎಂದು ಸುದ್ದಿ ಬಂದರೆ? ಊರು ಬಿಟ್ಟು ಓಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಹರಡುವ ರೋಗವಾದರೆ ನೀವೇ ಅದನ್ನು ಇನ್ನೊಂದು ಊರಿಗೆ ಹೊತ್ತುಕೊಂಡು ಹೋಗಬಹುದು. ಹರಡದ ರೋಗವಾದರೆ ಓಡಿ ಲಾಭವಿಲ್ಲ, ಅದು ತಗುಲಿ ಆಗಿರುತ್ತದೆ. ಜೊತೆಗೆ ಮಾತ್ರೆ ಹಂಚುವುದು, ಲಸಿಕೆ ಹಾಕುವುದು ನಡೆಯುವುದು ನೀವಿದ್ದ ಊರಲ್ಲೇ. ಆರೋಗ್ಯ ಇಲಾಖೆ ಏನು ಹೇಳುತ್ತದೋ ಕೇಳಿ. ಜ್ವರ ಬಂದರೆ ವೈದ್ಯರ ಹತ್ತಿರ ಹೋಗಿ, ಹಿಂದಿನ ಎರಡು ವಾರ ಎಲ್ಲೆಲ್ಲಿ ಹೋಗಿದ್ದಿರಿ, ಯಾರ ಜೊತೆ ಇದ್ದಿರಿ ಅಂತ ಕೇಳದಿದ್ದರೂ ಹೇಳಿ. ಎಷ್ಟೋ ಸಲ ರೋಗಿ ಬಾಯಿತಪ್ಪಿ ಹೇಳಿದ ಒಂದು ಮಾತಿನಿಂದ ನಮಗೆ ದಾರಿ ಸಿಕ್ಕಿದೆ. ಒಮ್ಮೆ ಒಂದು ದೊಡ್ಡ ಸಮಾರಂಭದ ಮರುದಿನ ನೂರಾರು ಜನಕ್ಕೆ ವಾಂತಿಯಾಗಿ, ಯಾರೋ ವಿಷ ಹಾಕಿದ್ದಾರೆ ಅಂತ ಹೊಡೆದಾಟದ ಹಂತಕ್ಕೆ ಹೋಗಿತ್ತು. ಒಬ್ಬ ಅಜ್ಜಿ, ‘ಅಡುಗೆ ಬೆಳಿಗ್ಗೆ ಐದಕ್ಕೇ ಆಗಿತ್ತಪ್ಪ, ಊಟಕ್ಕೆ ಕೂತಿದ್ದು ಮೂರು ಗಂಟೆಗೆ’ ಅಂದರು. ಮುಗಿಯಿತಲ್ಲ, ಅಲ್ವಾ?

ಇನ್ನು ನಿಮ್ಮ ನಿದ್ದೆ. ರೈಲಿನಲ್ಲಿ ಕೆಮ್ಮು ಕೇಳಿದ ಕೂಡಲೇ ಉಸಿರು ಜೋರಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ ಅಂತಾದರೆ ಅದು ಗಾಬರಿಯ ಲಕ್ಷಣ. ಜೋರಾಗಿ ಉಸಿರಾಡಿದ್ದರಿಂದಲೇ ಹಾಗಾಗುವುದು. ಅದನ್ನು ರೋಗ ಅಂದುಕೊಂಡರೆ ಉಸಿರು ಇನ್ನೂ ಜೋರಾಗುತ್ತದೆ. ನಿಧಾನವಾಗಿ ಉಸಿರು ಬಿಡಿ, ಒಳಗೆ ಎಳೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿರಲಿ. ರೈಲಿನಿಂದ ಇಳಿಯಬೇಡಿ. ಪ್ರತಿ ಸಲ ಇಳಿದಾಗಲೂ ಮನಸ್ಸು ‘ಇಳಿದದ್ದಕ್ಕೆ ಬದುಕಿದೆ’ ಅಂತ ಕಲಿಯುತ್ತದೆ, ಮುಂದಿನ ಸಲ ಇನ್ನೂ ಬೇಗ ಹೆದರಿಸುತ್ತದೆ. ಇನ್ನೆರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ, ಅಥವಾ ರೈಲನ್ನೇ ಬಿಟ್ಟುಬಿಡುವ ಹಾಗಾದರೆ, ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ನೋಡಿ. ನಾಚಿಕೆ ಪಡುವಂಥದ್ದೇನೂ ಇಲ್ಲ. ಮಗನ ಎದುರು ಮಾಸ್ಕ್, ಮಾತ್ರೆಗಳ ಚರ್ಚೆ ಬೇಡ. ಒಂಬತ್ತು ವರ್ಷದವನಿಗೆ ಅರ್ಧ ಕೇಳಿಸಿದ ಮಾತು ಪೂರ್ತಿ ಕೇಳಿಸಿದ್ದಕ್ಕಿಂತ ದೊಡ್ಡ ಭೂತ. ಕೇಳಿದರೆ ನೇರವಾಗಿ ಹೇಳಿ: ಅಮ್ಮ ಒಂದು ಕಥೆ ಓದಿ ಹೆದರಿಕೊಂಡಳು, ಅಷ್ಟೆ.

ಉಳಿದ ಎಂಬತ್ತು ಪುಟ ಓದಿಬಿಡಿ. ಅರ್ಧಕ್ಕೆ ಬಿಟ್ಟ ಕಥೆಯಲ್ಲಿ ಊರು ಸಾಯುತ್ತಲೇ ಇರುತ್ತದೆ, ಮುಗಿಸಿದರೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಹಗಲು ಹೊತ್ತಿನಲ್ಲಿ ಓದಿ, ಮಲಗುವ ಮುಂಚೆ ಬೇಡ. ಓದುವಾಗ ಒಂದು ಕೆಲಸ ಮಾಡಿ. ಮೊದಲ ರೋಗಿ ಆಸ್ಪತ್ರೆಗೆ ಬಂದ ಪುಟಕ್ಕೆ ವಾಪಸ್ ಹೋಗಿ, ಅಲ್ಲಿನ ವೈದ್ಯ ಯಾರಿಗಾದರೂ ಫೋನ್ ಮಾಡಿದನಾ ನೋಡಿ. ಮಾಡಿರಲಿಕ್ಕಿಲ್ಲ. ಮಾಡಿದ್ದರೆ ಕಾದಂಬರಿ ನಲವತ್ತನೇ ಪುಟಕ್ಕೆ ಮುಗಿಯುತ್ತಿತ್ತು.

ಯಜಮಾನರಿಗೆ ಹೇಳಿ, ಮಾಸ್ಕ್ ಆರ್ಡರ್ ಮಾಡುವುದು ಬೇಡ. ಮಾತ್ರೆ ಡಬ್ಬಗಳನ್ನು ತಂದ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ ನೋಡಿ. ತೆಗೆದುಕೊಳ್ಳದಿದ್ದರೆ ಮುಂದಿನ ಸಲ ಅತ್ತೆಯನ್ನು ಕರೆದುಕೊಂಡು ಹೋದಾಗ ಅವರ ವೈದ್ಯರ ಕೈಗೆ ಕೊಟ್ಟುಬಿಡಿ. ಚರಂಡಿಗೆ ಮಾತ್ರ ಸುರಿಯಬೇಡಿ.